ಸ್ವಂತ ವಾಕ್ಯದಲ್ಲಿ ಬಳಸಿ

ವೇದಿಕೆಯ ಮೇಲೆ ಕುಳಿತಿರುವ ನನ್ನ ಸೋದರಮಾವನಿಗೆ,

ಗುಂಡಿಯ ನಮಸ್ಕಾರಗಳು.

ಈ ಕಾಗದ ನಿಮ್ಮ ಕೈಗೆ ಸಿಕ್ಕಿದೆ ಅಂದರೆ ನೀವು ಕನ್ನಡಕಕ್ಕೆಂದು ಕೋಟಿನ ಒಳಜೇಬಿಗೆ ಕೈ ಹಾಕಿದ್ದೀರಿ. ಕನ್ನಡಕ ಇದರ ಹಿಂದೆಯೇ ಇದೆ, ಹಾಕಿಕೊಳ್ಳಿ. ಗಾಬರಿ ಬೇಡ. ಅಕ್ಕಪಕ್ಕದವರು ನೋಡಿದರೆ ಭಾಷಣದ ಚೀಟಿ ಅಂದುಕೊಳ್ಳುತ್ತಾರೆ. ಅಕ್ಷರ ದಪ್ಪಗೆ ಬರೆದಿದ್ದೇನೆ. ಸಮಯವೂ ಬೇಕಾದಷ್ಟಿದೆ. ದರ್ಜಿಗಳ ಸಂಘದ ಅಧ್ಯಕ್ಷರು ಈಗಷ್ಟೇ ಮೈಕಿನ ಮುಂದೆ ಬಂದಿರಬೇಕು. ಅವರು 'ಎರಡೇ ಎರಡು ಮಾತು' ಎಂದು ಶುರು ಮಾಡಿದರೆ ಸಭೆಯವರು ಒಂದು ನಿದ್ದೆ ತೆಗೆದು ಎದ್ದರೂ ಎರಡನೆಯ ಮಾತು ಬಂದಿರುವುದಿಲ್ಲ ಎಂಬುದು ನಿಮಗೂ ಗೊತ್ತು. ಅವರು ನಿಮ್ಮ ಗುಣಗಾನ ಮಾಡುತ್ತಿರಲಿ, ನೀವು ಇದನ್ನು ಓದುತ್ತಿರಿ. ಮೈಕು ನಿಮ್ಮ ಕೈಗೆ ಬರುವುದರೊಳಗೆ ಮುಗಿಸಿದರಾಯಿತು.

ಒಂದೇ ಒಂದು ವಿನಂತಿ. ತಲೆ ಬಗ್ಗಿಸಿ ಕೋಟನ್ನು ಈಗಲೇ ನೋಡಿಕೊಳ್ಳಬೇಡಿ. ಅದಕ್ಕೆ ಹೊತ್ತಿದೆ.

ನಾನು ಬರೆಯಬೇಕಾಗಿರುವುದು ಒಂದು ಪದದ ಬಗ್ಗೆ. ಉಳಿದವರ ಮಾವಂದಿರು ಸೋದರಸೊಸೆಗೆ ಗೊಂಬೆ ಕೊಡಿಸುತ್ತಾರೆ, ಮಿಠಾಯಿ ಕೊಡಿಸುತ್ತಾರೆ. ನೀವು ನನಗೆ ಕೊಡಿಸಿದ್ದು ಒಂದು ಪದ. ಉದ್ಧಟತನ. ಗೊಂಬೆಯಾಗಿದ್ದರೆ ಎಂದೋ ಮುರಿದು ಮೂಲೆ ಸೇರುತ್ತಿತ್ತು. ಪದ ನೋಡಿ, ಹಾಗೇ ಇದೆ. ಈ ಸಂಜೆ ಅದನ್ನು ನಿಮಗೆ ಹಿಂದಿರುಗಿಸಬೇಕೆಂದಿದ್ದೇನೆ.

ನಿಮಗೆ ನೆನಪಿರಲಿಕ್ಕಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಯಾವತ್ತೂ ಏಟು ತಿಂದವರದು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಕೆಳಗಿನ ಅಂಗಡಿ ನಿಮ್ಮದು, ಮೇಲಿನ ಒಂಟಿ ಕೋಣೆ ನಮ್ಮದು. ಅಪ್ಪ ಬಿಟ್ಟುಹೋದ ಮೇಲೆ ತಂಗಿಗೂ ತಂಗಿಯ ಮಗಳಿಗೂ ನೆರಳು ಕೊಟ್ಟ ಅಣ್ಣ ಎಂದು ಬೀದಿಯವರೆಲ್ಲ ನಿಮ್ಮನ್ನು ಹೊಗಳುತ್ತಿದ್ದರು. ಅದನ್ನು ಅಲ್ಲಗಳೆಯುವವಳು ನಾನಲ್ಲ. ನೆರಳು ಕೊಟ್ಟಿರಿ. ಅದರ ಬಾಡಿಗೆಯನ್ನು ಅಮ್ಮ ಬೇರೆ ರೀತಿಯಲ್ಲಿ ಕೊಟ್ಟಳು, ಆ ಮಾತು ಮುಂದೆ ಬರುತ್ತದೆ. ಅಂಗಡಿಯ ಮುಂಬದಿಯಲ್ಲಿ ಗಾಜಿನ ಬಾಗಿಲು, ಅದರ ಪಕ್ಕ ಗುಂಡಿ ತೂರಿಸುವ ಕಾಜ ಹಾಕುವವರ ಸ್ಟೂಲು. ನಡುವೆ ನಿಮ್ಮ ಕತ್ತರಿಸುವ ಮೇಜು. ಅದರ ಮೇಲೆ ಯಾರೂ ನೀರಿನ ಲೋಟ ಇಡಕೂಡದು, ಮೊಣಕೈ ಊರಕೂಡದು. ಹಿಂದಿನ ಕಿಟಕಿಯ ಬೆಳಕಿಗೆ ಹೊಲಿಗೆಯಂತ್ರಗಳು. ಕಿಟಕಿಗೆ ಅಂಟಿದಂತಿದ್ದ ಯಂತ್ರ ಅಮ್ಮನದು. ಆ ಜಾಗಕ್ಕೊಂದು ಮರ್ಯಾದೆ ಇತ್ತು. ಜಾರುವ ಬಟ್ಟೆ, ನುಣುಪು ಬಟ್ಟೆ, ಒಮ್ಮೆ ಸೂಜಿ ಇಳಿದರೆ ಬಿಚ್ಚಿ ಹೊಲಿಯಲಾಗದ ಬಟ್ಟೆ, ಎಲ್ಲ ಅಲ್ಲಿಗೇ ಹೋಗುತ್ತಿದ್ದವು.

ಶಾಲೆ ಬಿಟ್ಟ ಮೇಲೆ ನಾನು ನಿಮ್ಮ ಮೇಜಿನ ಕೆಳಗೆ. ದಾರಕ್ಕೆ ಕಟ್ಟಿದ ಅಯಸ್ಕಾಂತ ಎಳೆದಾಡಿ ಬಿದ್ದ ಗುಂಡುಸೂಜಿ ಹೆಕ್ಕುವುದು ನನ್ನ ಕೆಲಸ. ಸಿಕ್ಕ ಗುಂಡಿಗಳನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದೆ ಎಂದು ನನಗೆ ಗುಂಡಿ ಎಂದು ಹೆಸರಿಟ್ಟವರೂ ನೀವೇ. ಆ ಮೇಜಿನ ಕೆಳಗಿನಿಂದ ಕಾಣುವುದು ಕಾಲುಗಳು ಮಾತ್ರ. ಆದರೆ ಮೇಲೆ ಆಡಿದ್ದೆಲ್ಲ ಚೆನ್ನಾಗಿ ಕೇಳಿಸುತ್ತದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ, ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿರುವಂಥದ್ದು: ಉಳಿದದ್ದು ಕತ್ತರಿಗೆ. ಗಿರಾಕಿ ತಂದ ಬಟ್ಟೆಯಲ್ಲಿ ಅವನ ಉಡುಪು ಕತ್ತರಿಸಿದ ಮೇಲೆ ಮಿಕ್ಕ ತುಂಡು ಕತ್ತರಿಸಿದವನಿಗೆ ಸೇರಿದ್ದು, ಹೊಲಿದವರಿಗಲ್ಲ. ಪದ್ಧತಿಯಲ್ಲಿ ತಪ್ಪಿಲ್ಲ. ಚಿಂದಿಯಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಮಿಗುವುದು ಬೇರೆ, ಮಿಗಿಸುವುದು ಬೇರೆ. ನೀವು ಮಿಗಿಸುವುದರಲ್ಲಿ ಪಳಗಿದವರು.

ಒಬ್ಬ ಹಾಡುಗಾರ ತನ್ನ ದೊಡ್ಡ ಕಾರ್ಯಕ್ರಮಕ್ಕೆಂದು ಕೋಟು ಹೊಲಿಸಲು ದಾಳಿಂಬೆ ಬಣ್ಣದ ಮಖಮಲ್ಲು ತಂದುಕೊಟ್ಟ. ಅಂಗಡಿಯಲ್ಲಿ ಅಂಥ ಬಟ್ಟೆ ಬಿಚ್ಚಿದ್ದು ಅದೇ ಮೊದಲು. ಎಲ್ಲರೂ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿದರು. ಅಮ್ಮ ನನ್ನ ಅಂಗೈ ಹಿಡಿದು ಅದರ ಮೇಲೆ ಸವರಿಸಿದಳು. ಮಖಮಲ್ಲಿನ ಮೈಮೇಲಿನ ನವಿರು ಕೂದಲೆಲ್ಲ ಒಂದೇ ಕಡೆಗೆ ವಾಲಿರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ಈ ಕಡೆಯಿಂದ ಸವರಿದರೆ ನುಣುಪು, ಆ ಕಡೆಯಿಂದ ಸವರಿದರೆ ಅಂಗೈಗೆ ತಡೆಯುತ್ತದೆ. ಆದ್ದರಿಂದ ಉಡುಪಿನ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಒಂದು ತುಂಡು ತಲೆಕೆಳಗಾದರೂ ಬೆಳಕಿನಲ್ಲಿ ಅದರ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಹಾಗೆ ಕತ್ತರಿಸಿದರೆ ಬಟ್ಟೆ ಹೆಚ್ಚು ಬೇಕು, ಉಳಿಯುವುದು ಕಡಿಮೆ.

ನೀವು ಎಡ ಎದೆಯ ಕಾಗದದ ನಮೂನೆಯನ್ನು ತಲೆಕೆಳಗಾಗಿ ಇಟ್ಟಿರಿ. ಬಲ ಎದೆಯ ಬಾಗಿಗೆ ಅದು ಹಾಗೆ ಚೆನ್ನಾಗಿ ಹೊಂದಿಕೊಂಡು ಕೂತಿತು. ಒಂದು ಒಳ್ಳೆಯ ತುಂಡು ಮಿಕ್ಕಿತು.

ತುಂಡುಗಳು ಕೈಗೆ ಬಂದಾಗಲೇ ಅಮ್ಮನ ಅಂಗೈಗೆ ಗೊತ್ತಾಯಿತು. ಅವಳು ಮೇಜಿನ ಬಳಿ ಬಂದು ನಿಂತದ್ದು, ಅವಳ ಚಪ್ಪಲಿಯ ಹರಿದ ಉಂಗುಷ್ಟ ಸಮೇತ ನನಗೆ ಕಾಣಿಸಿತು. "ಅಣ್ಣಾ, ಎಡಗಡೆದು ಉಲ್ಟಾ ಬಂದಿದೆ. ಮಿಕ್ಕಿರೋದ್ರಲ್ಲಿ ಇನ್ನೊಂದು ಬರುತ್ತೆ, ಕತ್ತರಿಸಿಕೊಡು" ಅಂದಳು. ನೀವು ಹೇಳಿದ್ದು ಇಷ್ಟೇ: "ಕತ್ತರಿ ನಂದು, ಹೊಲಿಗೆ ನಿಂದು. ಸುಮ್ನೆ ಹೊಲಿ. ಯಾವನು ಅಷ್ಟು ಕಣ್ಣು ಬಿಟ್ಕೊಂಡು ನೋಡ್ತಾನೆ?" ಅಮ್ಮ ಸುಮ್ಮನೆ ಹೊಲಿದಳು. ಅಣ್ಣನ ಅಂಗಡಿ, ಅಣ್ಣನ ಕೋಣೆ, ಅಣ್ಣನ ಮಾತು.

ಆದರೆ ಆ ಹಾಡುಗಾರ ಕಣ್ಣು ಬಿಟ್ಟುಕೊಂಡೇ ನೋಡಿದ. ಟ್ರಯಲ್ ದಿನ ನಿಮ್ಮ ದೊಡ್ಡ ಕನ್ನಡಿಯ ಮೇಲೆ ಹೊಸದಾಗಿ ಹಾಕಿಸಿದ್ದ ದೀಪಗಳನ್ನು ನೀವೇ ಹೆಮ್ಮೆಯಿಂದ ಹೊತ್ತಿಸಿದಿರಿ. ಒಂದು ಎದೆ ದಾಳಿಂಬೆ, ಇನ್ನೊಂದು ಎದೆ ಕಪ್ಪು ದ್ರಾಕ್ಷಿ. ಅವನು ಒಮ್ಮೆ ಕನ್ನಡಿ ನೋಡಿದ, ಒಮ್ಮೆ ತನ್ನ ಎದೆ ನೋಡಿಕೊಂಡ. "ಅರ್ಧ ಕೋಟು ನಂದು. ಇನ್ನರ್ಧ ಯಾರ್ದು?" ಎಂದು ಕೇಳಿದ. ಬೇರೆ ಸಮಯದಲ್ಲಾಗಿದ್ದರೆ ನಗಬಹುದಾದ ಮಾತು.

ಆಗ ನೀವು ಕತ್ತು ತಿರುಗಿಸಿ ಕಿಟಕಿಯ ಕಡೆ ನೋಡಿದಿರಿ. "ನಮ್ಮ ತಂಗಿ ಕೆಲಸ ಇದು. ಹೊಲಿಯೋವಾಗ ಎಡಗಡೆ ತುಂಡು ತಿರುಗಿಸಿಬಿಟ್ಟಿದ್ದಾಳೆ. ಹೆಂಗಸರ ಕೈಗೆ ಮಖಮಲ್ಲು ಕೊಡಬಾರದು ಅಂತ ಇದಕ್ಕೇ ಹೇಳೋದು" ಅಂದಿರಿ.

ಮಾವ, ಈ ಜಾಗದಲ್ಲಿ ಒಂದು ಗಳಿಗೆ ನಿಲ್ಲಿ. ಎಡ ಎದೆಯ ತುಂಡಿನ ಮೇಲ್ತುದಿಯಲ್ಲಿ ಕತ್ತಿನ ಬಾಗು ಇರುತ್ತದೆ, ಪಕ್ಕದಲ್ಲಿ ತೋಳು ಕೂಡುವ ಬಾಗು. ಅದನ್ನು ಹೊಲಿಯುವವಳು ತಿರುಗಿಸಿದರೆ ಕತ್ತು ಸೊಂಟಕ್ಕೆ ಬರುತ್ತದೆ. ಅಂಥ ಕೋಟು ಹಾಕಿಕೊಳ್ಳಬೇಕಾದರೆ ಆ ಹಾಡುಗಾರ ಕಾಲು ಮೇಲೆ ಮಾಡಿಕೊಂಡು ಹಾಡಬೇಕಿತ್ತು. ಇದು ಗಿರಾಕಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿದ್ದ ಉಳಿದ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿಯಣ್ಣ ಒಂದೇ ಅಂಗಿತೋಳನ್ನು ಮತ್ತೆ ಮತ್ತೆ ಉಜ್ಜುತ್ತ ನಿಂತುಬಿಟ್ಟ. ಹೊಲಿಗೆಯಂತ್ರಗಳೆಲ್ಲ ನಿಂತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಅಷ್ಟು ಜನ ನೋಡಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ.

ನಾನು ಮೇಜಿನ ಕೆಳಗಿನಿಂದ ಹೊರಗೆ ಬಂದೆ. ಬಾಯಲ್ಲಿದ್ದ ಗುಂಡಿಯನ್ನು ಕೈಗೆ ಉಗುಳಿಕೊಂಡೆ. "ಮಾವ, ಅದನ್ನ ಕತ್ತರಿಸಿದ್ದು ನೀವಲ್ವಾ? ಅಮ್ಮ ಆವತ್ತೇ ಹೇಳಿದ್ಲಲ್ಲ, ಉಲ್ಟಾ ಬಂದಿದೆ ಅಂತ" ಅಂದೆ. ಜಗಳಕ್ಕೆ ಹೇಳಿದ್ದಲ್ಲ. ನೀವು ಮರೆತಿದ್ದೀರಿ, ನೆನಪು ಮಾಡಿಕೊಟ್ಟರೆ 'ಓ ಹೌದಲ್ಲ' ಅನ್ನುತ್ತೀರಿ ಎಂದೇ ನಂಬಿದ್ದೆ. ಆ ವಯಸ್ಸಿನಲ್ಲಿ ದೊಡ್ಡವರು ಮರೆಯುತ್ತಾರೆ ಎಂದು ಗೊತ್ತಿತ್ತು, ಬೇರೆಯದು ಗೊತ್ತಿರಲಿಲ್ಲ.

ನಿಮ್ಮ ಮುಖ ಕೆಂಪಾಯಿತು. ಗಿರಾಕಿಯ ಕಡೆ ತಿರುಗಿ, ನ್ಯಾಯಕ್ಕೆ ನಿಂತವರ ದನಿಯಲ್ಲಿ, "ನೋಡಿದ್ರಾ ಈ ಮಗೂನ ಉದ್ಧಟತನ! ಅನ್ನ ಹಾಕಿದ ಕೈಗೇ ಕಚ್ಚೋದು" ಅಂದಿರಿ. ಅಂಗಡಿಯಲ್ಲಿ ಯಾರೋ ಚು ಚು ಅಂದರು. ಚು ಚು ಅಂದದ್ದು ನಿಮ್ಮ ಸುಳ್ಳಿಗಲ್ಲ, ನನ್ನ ಬಾಯಿಗೆ.

ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಜೀವನದಲ್ಲಿ ಅವಳು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. "ಮಾವನ ಹತ್ರ ತಪ್ಪಾಯ್ತು ಅನ್ನು" ಅಂದಳು. ಅಂದೆ. ನಂತರ ಅವಳೂ ಗಿರಾಕಿಯ ಮುಂದೆ ನಿಂತು, "ತಪ್ಪಾಯ್ತು, ನನ್ನ ಕೈಯಿಂದಲೇ ಆಗಿದ್ದು" ಅಂದಳು. ಮೇಲಿನ ಕೋಣೆಯ ಬಾಡಿಗೆ ಅಂದೆನಲ್ಲ, ಅದು ಇದು.

ಮರುದಿನ ಕಿಟಕಿಯ ಯಂತ್ರಕ್ಕೆ ಬೇರೆಯವರು ಬಂದು ಕೂತರು. ಅಮ್ಮನನ್ನು ನೀವು ಬಾಗಿಲ ಪಕ್ಕದ ಸ್ಟೂಲಿಗೆ ಕಳಿಸಿದಿರಿ. ಕಾಜ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು. ಹೋಗಿಬರುವವರ ಧೂಳು, ಚಳಿ, ಬಿಸಿಲು ಎಲ್ಲ ಮೊದಲು ತಗಲುವ ಜಾಗ. ಬೇರೆ ಅಂಗಡಿಗಳಲ್ಲಿ ಯಂತ್ರದ ಕೆಲಸ ಕೇಳಿದಳು. ಅಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆಲ್ಲ ಹೋಗಿ ಬಂದಿತ್ತು. ಮಖಮಲ್ಲು ಕೆಡಿಸಿದವಳು. ಅದು ಅವಳ ಹೆಸರೇ ಆಗಿಹೋಯಿತು. ದಾರದ ಅಂಗಡಿಯವನೂ, "ಯಾರು, ಮಖಮಲ್ಲು ಕೆಡಿಸಿದವಳ ಮಗಳಾ?" ಎಂದೇ ನನ್ನನ್ನು ಗುರುತು ಹಿಡಿಯುತ್ತಿದ್ದ. ಅದೇ ವಾರ ಅತ್ತೆ ಹೊಸ ಕೈಚೀಲ ಹಿಡಿದುಕೊಂಡು ಅಂಗಡಿಗೆ ಬಂದರು. ದಾಳಿಂಬೆ ಬಣ್ಣದ ಮಖಮಲ್ಲು. "ಹೇಗಿದೆ?" ಎಂದು ಅಮ್ಮನನ್ನೇ ಕೇಳಿದರು, ಪಾಪ, ಅವರಿಗೇನು ಗೊತ್ತು. ಅಮ್ಮ ಅದನ್ನು ಒಮ್ಮೆ ಸವರಿ, "ಚೆನ್ನಾಗಿದೆ ಅತ್ತಿಗೆ" ಅಂದಳು.

ಇಷ್ಟಾದ ಮೇಲೆ ಶಾಲೆಯಲ್ಲಿ ಆ ಪದ ನನಗೆ ಮತ್ತೆ ಸಿಕ್ಕಿತು. ಪಾಠದ ಕೊನೆಯ ಅಭ್ಯಾಸದಲ್ಲಿ: ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ. ಹಿಂದಿನ ಬೆಂಚಿನವರೆಲ್ಲ ಪೆನ್ಸಿಲ್ಲು ಕಚ್ಚುತ್ತ ಕೂತಿದ್ದರು, ನನಗೆ ಮಾತ್ರ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. 'ನಮ್ಮ ಮಾವ ಉದ್ಧಟತನದಿಂದ ಮಖಮಲ್ಲು ಕತ್ತರಿಸಿದರು' ಎಂದು ಬರೆದೆ. ಟೀಚರ್ ಕೆಂಪು ಗೆರೆ ಎಳೆದು, 'ಅರ್ಥ ತಿಳಿದು ಬರೆ' ಎಂದು ಬರೆದುಕೊಟ್ಟರು. ಸರಿ ಮಾಡಿದ ಮಾದರಿ ವಾಕ್ಯವನ್ನು ಇಡೀ ತರಗತಿಗೆ ಹೇಳಿದರು: 'ಮಕ್ಕಳು ಹಿರಿಯರ ಎದುರು ಉದ್ಧಟತನ ತೋರಬಾರದು.' ಎಲ್ಲರೂ ಅದನ್ನೇ ಬರೆದುಕೊಂಡರು. ನಾನೂ ಬರೆದುಕೊಂಡೆ. ಸ್ವಂತ ವಾಕ್ಯ ಅಂದರೆ ಟೀಚರ್ ಹೇಳಿದ ವಾಕ್ಯ ಎಂಬುದನ್ನೂ ಅವತ್ತೇ ಕಲಿತೆ.

ಅರ್ಥ ಏನೆಂದು ಅಮ್ಮನನ್ನು ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿಗೆ ಗಂಟು ಹಾಕಿದಳು. ಆಮೇಲೆ, "ಹೇಳಬೇಕಾದ್ದನ್ನ ಹೇಳಬಾರದ ಕಡೆ ಹೇಳೋದು" ಅಂದಳು. ಶಾಲೆಯ ನಿಘಂಟಿನಲ್ಲಿ ನೋಡಿದೆ. 'ಸೊಕ್ಕಿನ ನಡೆ, ಮರ್ಯಾದೆ ಮೀರಿದ ಧೈರ್ಯ' ಎಂದಿತ್ತು. ಮರ್ಯಾದೆ ಯಾರದು, ಮೀರಿದವರು ಯಾರು ಎಂದು ನಿಘಂಟು ಹೇಳಲಿಲ್ಲ.

ಅಲ್ಲಿಂದ ಅರ್ಥ ತಿಳಿಯುವ ಕೆಲಸ ನಡೆದೇ ಇತ್ತು, ಮಾವ. ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅಧ್ಯಕ್ಷರು ಈ ಹೊತ್ತಿಗೆ 'ಇವರ ಗರಡಿಯಲ್ಲಿ ಪಳಗಿದ ಇವರ ಸೋದರಸೊಸೆ' ಎಂದು ನನ್ನತ್ತ ಕೈ ತೋರಿಸಿರುತ್ತಾರೆ. ನನಗೆ ಕತ್ತರಿ ಕಲಿಸಿದವರು ನೀವಲ್ಲ. ಅಮ್ಮ ಕಲಿಸಿದಳು, ಅಂಗಡಿಯ ಮೇಲಿನ ಕೋಣೆಯ ನೆಲದ ಮೇಲೆ, ಹಳೆಯ ಪತ್ರಿಕೆ ಹಾಸಿಕೊಂಡು. ನಿಮ್ಮ ತಲೆಯ ಮೇಲೆಯೇ ನಡೆದ ಪಾಠ ಅದು. ಕೆಳಗೆ ಅವಳು ಕಾಜ ಹಾಕುವವಳು, ಮೇಲೆ ಅವಳು ಮಾಸ್ಟರು. ಮೊದಲು ಅಂಗೈ, ಆಮೇಲೆ ಅಳತೆ ಟೇಪು, ಕೊನೆಗೆ ಕತ್ತರಿ ಅನ್ನುತ್ತಿದ್ದಳು. ಪತ್ರಿಕೆಯಲ್ಲೂ ನಮೂನೆ ತಲೆಕೆಳಗಾಗಿ ಇಡಲು ಬಿಡುತ್ತಿರಲಿಲ್ಲ. ಕಾಗದಕ್ಕೆಲ್ಲಿಯ ದಿಕ್ಕು ಎಂದು ಕೇಳಿದರೆ, "ಕೈಗೆ ಅಭ್ಯಾಸ ಆಗ್ಬಾರ್ದು" ಅನ್ನುತ್ತಿದ್ದಳು.

ನಾನು ನನ್ನದೇ ಅಂಗಡಿ ತೆರೆದು ಬೋರ್ಡಿನ ಮೇಲೆ 'ಕಟಿಂಗ್ ಮಾಸ್ಟರ್' ಎಂದು ಬರೆಸಿದಾಗ ಸಂಘದವರು ಕರೆಸಿ, ಹೆಣ್ಣಾಗಿ ಹಾಗೆ ಬರೆಸಿಕೊಳ್ಳುವುದು ಉದ್ಧಟತನ ಅಂದರು. ಅಳತೆ ತೆಗೆಯುವಾಗ ಮೈಮೇಲೆ ಬಿದ್ದ ಗಿರಾಕಿಯನ್ನು ಗುಂಡುಸೂಜಿಯಿಂದ ಚುಚ್ಚಿ ಕಳಿಸಿದೆ, ಅವನೂ ಬೀದಿಯಲ್ಲಿ ನಿಂತು ಅದೇ ಪದ ಕೂಗಿದ. ಸೋರುವ ಮಾಳಿಗೆ ರಿಪೇರಿ ಮಾಡಿಸಿ ಎಂದರೆ ಕಟ್ಟಡದ ಮಾಲೀಕನೂ ಅದನ್ನೇ ಹೇಳಿದ. ಆ ಪದ ಬಂದಾಗಲೆಲ್ಲ ನಾನು ಒಂದನ್ನು ಗಮನಿಸಿದೆ. ಅದು ಮೇಲಿದ್ದವರ ಬಾಯಿಂದ ಕೆಳಗಿದ್ದವರ ಕಿವಿಗೆ ಇಳಿಯುತ್ತದೆ, ಹತ್ತುವುದಿಲ್ಲ. ಅದಕ್ಕೂ ಮಖಮಲ್ಲಿನ ಹಾಗೆ ಒಂದು ವಾಲು ಇದೆ. ಮೇಲಿನಿಂದ ಕೆಳಕ್ಕೆ ಸವರಿದರೆ ಎಷ್ಟು ನುಣುಪು. ಕೆಳಗಿನಿಂದ ಮೇಲಕ್ಕೆ ಯಾರೂ ಸವರಿ ನೋಡಿಲ್ಲ.

ಆದರೂ, ಅಷ್ಟೆಲ್ಲ ಆದಮೇಲೂ, ಪೂರ್ತಿ ಅರ್ಥ ನನಗೆ ತಿಳಿದದ್ದು ಮೊನ್ನೆ, ನೀವು ಫೋನು ಮಾಡಿದಾಗ.

ನಿಮ್ಮ ದನಿ ಜೇನಿನಲ್ಲಿ ಅದ್ದಿ ತೆಗೆದ ಹಾಗಿತ್ತು. "ಗುಂಡಿ, ಸಂಘದವರು ನನಗೆ ಸನ್ಮಾನ ಇಟ್ಕೊಂಡಿದ್ದಾರೆ. ಮಖಮಲ್ಲಿನ ಕೋಟು ಹಾಕ್ಕೋಬೇಕು ಅಂತ ಆಸೆ. ನನ್ನ ಕೈ ನಡುಗುತ್ತೆ. ನಿನ್ನ ಕೈಯಿಂದಲೇ ಆಗ್ಬೇಕು. ಎಷ್ಟಾದ್ರೂ ನನ್ನ ಕೈಲಿ ಕಲಿತವಳು" ಅಂದಿರಿ. ನಾನು ಹೂಂ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ, ಸತ್ಯವಾಗಿ ಹೇಳುತ್ತೇನೆ, ನಿಮಗೊಂದು ಒಳ್ಳೆಯ ಕೋಟು ಹೊಲಿದುಕೊಟ್ಟು ಸುಮ್ಮನಾಗುತ್ತಿದ್ದೆ. ಮುದುಕರಾಗಿದ್ದೀರಿ, ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಆದರೆ ನೀವು ನಿಲ್ಲಿಸಲಿಲ್ಲ. ಅಮ್ಮನನ್ನೂ ಕರೆದುಕೊಂಡು ಬಾ ಅಂದಿರಿ. "ಬರೋಕೆ ನಾಚ್ಕೋಬೇಡ ಅಂತ ಹೇಳು. ಆ ಹಳೇ ಮಖಮಲ್ಲಿನ ವಿಷಯ ನಾನು ಯಾವತ್ತೋ ಮರೆತಿದ್ದೀನಿ. ಅವಳನ್ನ ಕ್ಷಮಿಸಿಬಿಟ್ಟಿದ್ದೀನಿ ಅಂತ ಹೇಳು" ಅಂದಿರಿ.

ಕ್ಷಮಿಸಿಬಿಟ್ಟಿದ್ದೀನಿ. ನಾನು ಫೋನು ಕೆಳಗಿಟ್ಟು ಮೇಜು ಹಿಡಿದುಕೊಂಡು ನಿಂತೆ. ಕದಿಯುವವನಿಗೆ ಬೇಕಾದದ್ದು ಧೈರ್ಯ. ಕದ್ದು ಇನ್ನೊಬ್ಬರ ಮೇಲೆ ಹೊರಿಸುವುದು ಭಂಡತನ. ಹೊರಿಸಿಕೊಂಡವಳನ್ನು ಬಾಗಿಲ ಬಳಿ ಕೂರಿಸಿ, ಅವಳ ಹೆಸರು ಕೆಡಿಸಿ, ಕೊನೆಗೆ ವೇದಿಕೆ ಹತ್ತುವ ಮುಂಚೆ ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸುವುದಕ್ಕೆ ಏನನ್ನುತ್ತಾರೆ? ಅದೇ. ಟೀಚರ್, ಈಗ ಅರ್ಥ ತಿಳಿಯಿತು. ನನ್ನ ಮೊದಲ ವಾಕ್ಯದಲ್ಲಿ ತಪ್ಪೇ ಇರಲಿಲ್ಲ.

ಅಮ್ಮನಿಗೆ ನಿಮ್ಮ ಕ್ಷಮೆಯನ್ನು ತಲುಪಿಸಿದೆ. ಅವಳು "ಯಾವ ಬಣ್ಣ?" ಎಂದು ಕೇಳಿದಳು. ನಿಮ್ಮ ಮಗನ ಹೆಂಡತಿ ತಂದುಕೊಟ್ಟ ಗಂಟು ಬಿಚ್ಚಿ ತೋರಿಸಿದೆ. ಅದೇ ದಾಳಿಂಬೆ ಬಣ್ಣ. ನಿಮಗೆ ಆ ಬಣ್ಣ ಇಷ್ಟವೆಂಬುದು ನಮಗೆ ಹೊಸ ವಿಷಯವೇನಲ್ಲ.

ನಿಮ್ಮ ಕೋಟನ್ನು ಬಹಳ ಪ್ರೀತಿಯಿಂದ ಕತ್ತರಿಸಿದೆ, ಮಾವ. ಟ್ರಯಲನ್ನು ಬಿಳಿ ಕೋರಾ ಬಟ್ಟೆಯಲ್ಲೇ ಮುಗಿಸಿದೆ. ಮಖಮಲ್ಲಿಗೆ ಗುಂಡುಸೂಜಿ ಚುಚ್ಚಿದರೆ ಗುರುತು ಉಳಿಯುತ್ತದೆ ಅಂದಾಗ ಮೆಚ್ಚಿ ತಲೆದೂಗಿದಿರಿ. ಭುಜ ಹೇಗೆ ಕೂತಿದೆ ನೋಡಿ. ಬೆನ್ನಲ್ಲಿ ಒಂದು ಸುಕ್ಕಿಲ್ಲ. ನಿಮ್ಮ ಬಲ ಭುಜ ಸ್ವಲ್ಪ ಇಳಿದಿರುವುದನ್ನು ಒಳಗೆ ಹತ್ತಿ ಕೊಟ್ಟು ಮುಚ್ಚಿದ್ದೇನೆ. ಬೆನ್ನು, ತೋಳು, ಬಲ ಎದೆ ಎಲ್ಲ ಒಂದೇ ದಿಕ್ಕು. ಆಮೇಲೆ ಎಡ ಎದೆಯ ನಮೂನೆಯನ್ನು ಕೈಗೆ ತೆಗೆದುಕೊಂಡೆ. ಅದನ್ನು ತಿರುಗಿಸುವಾಗ ಕೈ ಸ್ವಲ್ಪ ಮುಷ್ಕರ ಹೂಡಿತು. ಅಮ್ಮ ಅಭ್ಯಾಸ ಮಾಡಿಸಿರಲಿಲ್ಲವಲ್ಲ. ಒತ್ತಾಯ ಮಾಡಿ ತಿರುಗಿಸಿದೆ. ಹಾಗೆ ಚೆನ್ನಾಗಿಯೇ ಹೊಂದಿಕೊಂಡು ಕೂತಿತು.

ಗಂಡಸರ ಕೋಟಿನಲ್ಲಿ ಕಾಜ ಬರುವುದು ಎಡಗಡೆಗೆ. ನನ್ನ ಅಂಗಡಿಯಲ್ಲೂ ಕಾಜದ ಕೆಲಸ ಅಮ್ಮನದೇ, ಯಂತ್ರದ ಕಾಜ ಅವಳಿಗೆ ಸೇರುವುದಿಲ್ಲ. ಹಳೆಯ ಅಭ್ಯಾಸಕ್ಕೆ ಇಲ್ಲಿಯೂ ಬಾಗಿಲ ಬಳಿಯೇ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಕೋಟನ್ನು ಅವಳ ತೊಡೆಯ ಮೇಲಿಟ್ಟು ನಾನು ಬೇಕೆಂದೇ ಕಪಾಟಿನ ಕಡೆ ತಿರುಗಿ ನಿಂತೆ. ಸೂಜಿಡಬ್ಬಿ ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಅವಳ ಅಂಗೈ ಎಡ ಎದೆಯ ಮೇಲೆ ಇತ್ತು. ಒಮ್ಮೆ ಮೇಲಿಂದ ಕೆಳಕ್ಕೆ ಸವರಿದಳು, ಒಮ್ಮೆ ಕೆಳಗಿಂದ ಮೇಲಕ್ಕೆ. "ತಿರುಗಿಸಿದ್ದೀಯಾ?" ಅಂದಳು. "ಹೂಂ" ಅಂದೆ. ಇನ್ನೊಂದು ಕೆನ್ನೆಯನ್ನು ಸಿದ್ಧ ಮಾಡಿಕೊಂಡೇ ನಿಂತಿದ್ದೆ.

ಅವಳು ಎದ್ದಳು. ನನ್ನ ಬಳಿ ಬರಲಿಲ್ಲ. ಸ್ಟೂಲನ್ನು ಬಾಗಿಲ ಬಳಿಯಿಂದ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಹಾಕಿಕೊಂಡಳು. ದಾರವನ್ನು ಬೆಳಕಿಗೆ ಹಿಡಿದು ಪೋಣಿಸಿದಳು. "ಕಾಜ ನೀಟಾಗಿ ಬರ್ಬೇಕು" ಅಂದಳು. "ಎಲ್ರೂ ನೋಡ್ತಾರೆ."

ಆ ಕಾಜ ನೋಡಿ, ಮಾವ. ಅವಳ ಕೈಯ ಅತ್ಯುತ್ತಮ ಕೆಲಸ ಅದು.

ಹಾಗಾಗಿ ಈ ಸಂಜೆ ವೇದಿಕೆಯ ಪಕ್ಕದ ಮಬ್ಬು ಕೋಣೆಯಲ್ಲಿ ನಾನೇ ಕೋಟು ತೊಡಿಸಿ, ತೋಳು ಎಳೆದು, ಕನ್ನಡಕವನ್ನು ಒಳಜೇಬಿಗೆ ಸೇರಿಸಿ, ಕನ್ನಡಿಯ ಮುಂದೆ ನಿಲ್ಲಲು ಬಿಡದೆ, ತಡವಾಯಿತೆಂದು ಕೈಹಿಡಿದು ನಿಮ್ಮನ್ನು ಮೆಟ್ಟಿಲು ಹತ್ತಿಸಿರುತ್ತೇನೆ. ಕನ್ನಡಕವಿಲ್ಲದೆ ನಿಮಗೆ ನಿಮ್ಮ ಎದೆಯೇ ಕಾಣುವುದಿಲ್ಲ, ಅದೂ ನನಗೆ ಗೊತ್ತು. ನೀವು ಕಾಗದ ಓದಲು ಶುರು ಮಾಡಿದಾಗಿನಿಂದ ಸಭೆ ನಿಮ್ಮನ್ನು ನೋಡುತ್ತಿದೆ. ನಿಮ್ಮ ತಲೆಯ ಮೇಲೆ ದೊಡ್ಡ ದೊಡ್ಡ ದೀಪಗಳಿವೆ. ಕುರ್ಚಿಗಳಲ್ಲಿ ಕುಳಿತವರೆಲ್ಲ ದರ್ಜಿಗಳು. ಮೊದಲ ಸಾಲಿನವರು ಆಗಲೇ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದಿರಬೇಕು. ಇಸ್ತ್ರಿಯಣ್ಣನೂ ಬಂದಿದ್ದಾನೆ, ನಾನೇ ರಿಕ್ಷಾ ಕಳಿಸಿ ಕರೆಸಿದ್ದೇನೆ. ಉಜ್ಜಲು ಅವನ ಕೈಯಲ್ಲಿ ಈಗ ಯಾವ ಅಂಗಿತೋಳೂ ಇಲ್ಲ.

ಮೈಕು ನಿಮ್ಮ ಕೈಗೆ ಬರುತ್ತದೆ. ನಿಮಗೆ ಎರಡು ದಾರಿಗಳಿವೆ. ಮೊದಲನೆಯದು ನಿಮಗೆ ಅಭ್ಯಾಸವಿರುವ ದಾರಿ. ಕತ್ತು ತಿರುಗಿಸಿ ಎರಡನೆಯ ಸಾಲಿನ ಕಡೆ ಕೈ ತೋರಿಸಿ, 'ನನ್ನ ಸೋದರಸೊಸೆಯ ಕೆಲಸ, ಕೆಡಿಸಿಬಿಟ್ಟಿದ್ದಾಳೆ' ಎಂದು ನಕ್ಕುಬಿಡಬಹುದು. ಹಾಗೆ ಮಾಡಿದರೆ ನಾನು ಎದ್ದು ನಿಲ್ಲುತ್ತೇನೆ. 'ಹೌದು, ಕತ್ತರಿಸಿದ್ದು ನಾನೇ. ತಲೆಕೆಳಗಾಗಿ ಇಟ್ಟದ್ದೂ ನಾನೇ' ಅನ್ನುತ್ತೇನೆ. ಎಷ್ಟು ಸುಲಭದ ಮಾತು ನೋಡಿ, ಹೇಳಿದರೆ ನಾಲಿಗೆ ಸುಡುವುದಿಲ್ಲ. ಆಮೇಲೆ ಸಭೆಯನ್ನೇ ಕೇಳುತ್ತೇನೆ: ಇಂಥ ತುಂಡನ್ನು ಹೊಲಿಯುವವಳು ತಿರುಗಿಸಲು ಸಾಧ್ಯವೇ? ದರ್ಜಿಗಳ ಸಭೆಯಲ್ಲಿ ಆ ಪ್ರಶ್ನೆಗೆ ಎಷ್ಟು ಉತ್ತರಗಳಿವೆಯೆಂದು ನಿಮಗೆ ಗೊತ್ತು.

ಎರಡನೆಯದು, ನೀವೇ ಎದ್ದು, ನನ್ನ ಬಾಯಿ ತೆರೆಸದೆ, ಒಂದು ವಾಕ್ಯ ಹೇಳುವುದು. ಆ ಹಾಡುಗಾರನ ಮಖಮಲ್ಲು ಕೆಡಿಸಿದ್ದು ನಾನು, ನನ್ನ ತಂಗಿಯಲ್ಲ. ಅಷ್ಟೇ. ಅಳಬೇಕಾಗಿಲ್ಲ, ವಿವರ ಬೇಕಾಗಿಲ್ಲ, ಕ್ಷಮೆ ಕೇಳಿದರೂ ಸರಿ, ಬಿಟ್ಟರೂ ಸರಿ. ಆ ಹೆಸರನ್ನು ಅವಳ ಮೇಲಿಂದ ಬಿಚ್ಚಿಕೊಂಡು ನೀವು ತೊಟ್ಟುಕೊಂಡರೆ ಸಾಕು, ಅಳತೆ ನಿಮ್ಮದೇ. ಅವಳು ಬದುಕಿರುವಾಗಲೇ ಇದು ಆಗಬೇಕು. ಸತ್ತ ಮೇಲೆ ಫೋಟೋದ ಮುಂದೆ ನಿಂತು 'ನನ್ನ ತಂಗಿ ಬಂಗಾರ' ಎನ್ನುವವರನ್ನು ಬಹಳ ನೋಡಿದ್ದೇನೆ.

ಯಾವ ದಾರಿ ಹಿಡಿದರೂ ನನಗೆ ಸಂತೋಷವೇ. ನಿಜ ಹೇಳಬೇಕೆಂದರೆ ಮೊದಲನೆಯದನ್ನೇ ಹಿಡಿಯಿರಿ ಎಂದು ನನ್ನೊಳಗಿನ ಕೆಟ್ಟ ಹುಡುಗಿ ಹಾರೈಸುತ್ತಿದ್ದಾಳೆ. ಅವಳು ಬಾಯಲ್ಲಿ ಗುಂಡಿ ಇಟ್ಟುಕೊಂಡು ಬಹಳ ಕಾಲದಿಂದ ಮೇಜಿನ ಕೆಳಗೆ ಕಾದಿದ್ದಾಳೆ. ನಿಮಗೆ ಸಿಟ್ಟು ಬಂದರೆ ನನ್ನನ್ನು ಏನನ್ನಬೇಕೆಂದು ಗೊತ್ತಿದೆಯಲ್ಲ. ಅನ್ನಿ. ಮೈಕಿನಲ್ಲೇ ಅನ್ನಿ. ಈ ಸಲ ತಪ್ಪಾಯಿತು ಅನ್ನುವುದಿಲ್ಲ, ಈ ಸಲ ಪದ ಸರಿಯಾದ ಅಳತೆಗೇ ಬಂದಿದೆ. ಬೇಕೆಂದೇ, ತಿಳಿದೇ, ಹಿರಿಯರ ಎದುರು, ಸಭೆಯ ನಡುವೆ ಮಾಡಿದ್ದು. ಟೀಚರ್ ನೋಡಿದರೆ ಕೆಂಪು ಗೆರೆ ಎಳೆಯುತ್ತಿರಲಿಲ್ಲ.

ಇನ್ನೊಂದು ಮಾತು. ನೀವು ಕೊಟ್ಟ ಬಟ್ಟೆಯಲ್ಲಿ ಒಳ್ಳೆಯ ತುಂಡೊಂದು ಮಿಕ್ಕಿತು. ಉಳಿದದ್ದು ಕತ್ತರಿಗೆ. ಪದ್ಧತಿಯಂತೆ ಇಟ್ಟುಕೊಂಡೆ, ಅಮ್ಮನಿಗೊಂದು ಕೈಚೀಲ ಹೊಲಿದುಕೊಟ್ಟಿದ್ದೇನೆ. ಎರಡನೆಯ ಸಾಲಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ವೇದಿಕೆಯಿಂದ ಚೆನ್ನಾಗಿ ಕಾಣುತ್ತದೆ.

ಅಧ್ಯಕ್ಷರ ಎರಡನೆಯ ಮಾತು ಮುಗಿಯುತ್ತ ಬಂದಿರಬೇಕು. ಈಗ ತಲೆ ಬಗ್ಗಿಸಿ ನೋಡಿಕೊಳ್ಳಿ, ಮಾವ. ಎಡಗಡೆ. ಅಂಗೈಯಿಂದ ಒಮ್ಮೆ ಸವರಿ. ಆಮೇಲೆ ಎದ್ದು ನಿಂತು, ಸ್ವಂತ ವಾಕ್ಯದಲ್ಲಿ ಹೇಳಿ.

ಎಲ್ಲ ದೀಪಗಳೂ ನಿಮ್ಮ ಮೇಲೆಯೇ ಬೀಳಲಿ ಎಂದು ಹಾರೈಸುತ್ತ,

ನಿಮ್ಮ ತಂಗಿಯ ಪಕ್ಕದಲ್ಲಿ ಕುಳಿತಿರುವ
ಗುಂಡಿ